ಚಿಟ್ಟೆಯನ್ನು ಯಾರೂ ನೋಡಿರಲಿಲ್ಲ

ಅಥವಾ ‘ಮನೆಗೆ ತಗೊಂಡು ಹೋಗು’ ಎಂದು ಹೇಳಿದ್ದು ನಾನೇ ಇರಬಹುದು. ಇಷ್ಟು ದಿನ ನನ್ನ ತರಗತಿಯ ಆ ಹುಡುಗಿಯೇ ಕೇಳಿದಳು, ನಾನು ಸುಮ್ಮನಿದ್ದೆ, ಸುಮ್ಮನಿದ್ದದ್ದನ್ನು ಅವಳು ಒಪ್ಪಿಗೆ ಎಂದುಕೊಂಡಳು ಎಂದು ನೆನಪಿಟ್ಟುಕೊಂಡಿದ್ದೆ. ಈಗ ಬರೆಯಲು ಕೂತರೆ ಆ ನೆನಪು ತೀರಾ ಒಪ್ಪವಾಗಿದೆ ಅನ್ನಿಸುತ್ತಿದೆ. ಅದರಲ್ಲಿ ನಾನು ಹೊರಬಲ್ಲಷ್ಟೇ ತಪ್ಪು ನನ್ನದಿದೆ, ಅದಕ್ಕಿಂತ ಒಂದು ಸಾಸಿವೆಯಷ್ಟೂ ಹೆಚ್ಚಿಲ್ಲ. ನಡೆದ ಸಂಗತಿ ಹೀಗೆ ಅಳತೆ ಕೊಟ್ಟು ಹೊಲಿಸಿದ ಅಂಗಿಯಂತೆ ಇರುವುದಿಲ್ಲ.

ಇಷ್ಟು ಮಾತ್ರ ಖಚಿತ. ಅದು ದಸರಾ ರಜೆಗೆ ಹಿಂದಿನ ದಿನ, ಮಧ್ಯಾಹ್ನದ ಊಟ ಮುಗಿದಿತ್ತು. ನನ್ನ ಮೇಜಿನ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬವಿತ್ತು. ಅದರಲ್ಲಿ ಎರಡನೇ ಜ್ವರದಿಂದ ಎದ್ದ ನಲವತ್ತೋ ಐವತ್ತೋ ರೇಷ್ಮೆ ಹುಳಗಳಿದ್ದವು. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನುವುದನ್ನು ನಿಲ್ಲಿಸಿ, ತಲೆಯೆತ್ತಿ ಅಲುಗಾಡದೆ ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಆ ಡಬ್ಬ ಹುಡುಗಿಯ ಬ್ಯಾಗಿನಲ್ಲಿತ್ತು. ಮೇಜಿನಿಂದ ಬ್ಯಾಗಿಗೆ ಅದು ಹೋದ ಬಗೆಯನ್ನು ನಾನು ನಾಲ್ಕಾರು ರೀತಿಯಲ್ಲಿ ನೆನೆಸಿಕೊಳ್ಳಬಲ್ಲೆ, ಎಲ್ಲವೂ ನಂಬುವ ಹಾಗೇ ಇವೆ.

ಚನ್ನಪಟ್ಟಣದಿಂದ ಹೊಂಗನೂರಿನ ಕಡೆ ಹೋಗುವ ಬಸ್ಸಿನಲ್ಲಿ ಅರ್ಧ ದಾರಿಗೆ ಇಳಿದು ಒಂದಿಷ್ಟು ನಡೆದರೆ ಸಿಗುವ ಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಅದಕ್ಕೂ ಮೊದಲು ಕನಕಪುರ ತಾಲ್ಲೂಕಿನ ಕಾಡಂಚಿನ ಶಾಲೆಯೊಂದರಲ್ಲಿದ್ದೆ. ಅಲ್ಲಿ ಬೆಳಿಗ್ಗೆ ಮಕ್ಕಳನ್ನು ಕೆರೆಯಂಚಿಗೆ ಕರೆದುಕೊಂಡು ಹೋಗಿ, ಕೆಸರಿನಲ್ಲಿ ಬಿದ್ದ ಹೆಜ್ಜೆಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಅಚ್ಚು ತೆಗೆಸುತ್ತಿದ್ದೆ. ಕಾಡುಹಂದಿ, ಮುಳ್ಳುಹಂದಿ, ನರಿ, ಒಂದೇ ಒಂದು ಸಲ ಚಿರತೆ. ಪುಸ್ತಕದಲ್ಲಿ ಓದಿದ ಪ್ರಾಣಿಗಿಂತ ಕೈಯಲ್ಲಿ ಹಿಡಿದ ಹೆಜ್ಜೆಯೇ ದೊಡ್ಡದು ಎಂದು ಆಗ ನಂಬಿದ್ದೆ. ಹೊಸ ಶಾಲೆಗೆ ಬಂದಾಗ ಅಚ್ಚುಗಳ ಪೆಟ್ಟಿಗೆಯನ್ನೂ ತಂದೆ. ಹೆಡ್ ಮಾಸ್ಟರು ಒಂದೊಂದನ್ನೇ ಎತ್ತಿ ತಿರುಗಿಸಿ ನೋಡಿದರು.

“ಇವೆಲ್ಲ ಬೀರುವಿನಲ್ಲೇ ಇರಲಿ ಮೇಷ್ಟ್ರೆ,” ಎಂದರು. “ನೀವು ಹೆಜ್ಜೆ ಹುಡುಕ್ಕೊಂಡು ಮಕ್ಕಳನ್ನ ಹೊಲದ ಕಡೆ ಕರ್ಕೊಂಡು ಹೋಗೋದು, ಅಲ್ಲಿ ಹೆಜ್ಜೆ ಹಾಕ್ದೋನೇ ಎದುರಿಗೆ ಸಿಕ್ಕೋದು. ಆಮೇಲೆ ನಾನು ಯಾವ ಫಾರಂ ತುಂಬಲಿ? ಮನೇಲಿರೋ ಪ್ರಾಣಿ ಯಾವುದಾದ್ರೂ ನೋಡಿ.”

ಮನೆಯಲ್ಲಿರುವ ಪ್ರಾಣಿ ಎಂದರೆ ಆ ಊರಿನಲ್ಲಿ ಹುಳವೇ. ಮರುದಿನ ಒಂಬತ್ತನೇ ತರಗತಿಯಲ್ಲಿ ಕೇಳಿದೆ, ಯಾರ ಮನೆಯಲ್ಲಿ ಹುಳ ಸಾಕುತ್ತಾರೆ ಎಂದು. ಹೆಚ್ಚುಕಡಿಮೆ ಎಲ್ಲರ ಕೈಗಳೂ ಮೇಲೆದ್ದವು. ಹುಳ ಆಮೇಲೆ ಚಿಟ್ಟೆಯಾಗುವುದನ್ನು ನೋಡಿದವರು ಯಾರು ಎಂದೆ. ಎಲ್ಲ ಕೈಗಳೂ ಇಳಿದವು.

“ಚಿಟ್ಟೆ ಈಚೆಗೆ ಬತ್ತು ಅಂದ್ರೆ ಗೂಡು ತೂತಾಯ್ತದೆ ಸಾ,” ಎಂದ ಹಿಂದಿನ ಬೆಂಚಿನವನು. “ತೂತಾದ್ ಗೂಡ್ನ ರಾಮನಗರದ್ ಮಾರ್ಕೆಟ್ನಾಗೆ ಯಾರೂ ಮೂಸಾಕಿಲ್ಲ.”

“ನಿನ್ನೂ ಮೂಸಾಕಿಲ್ಲ ಕಣ್ಲಾ,” ಎಂದ ಪಕ್ಕದವನು.

ನಗು ಇಳಿದ ಮೇಲೆ ಕಿಟಕಿ ಪಕ್ಕದ ಹುಡುಗಿ ಎದ್ದು ನಿಂತಳು. “ನಮ್ಮಜ್ಜಿ ಒಂದ್ಸಲ ನೋಡೈತಂತೆ ಸಾ. ಜಿರಲೆ ಅಂದ್ಕೊಂಡು ಪೊರಕೇಲಿ ಹೊಡ್ದುಬುಡ್ತಂತೆ.”

ನೋಡಿದ್ದ ಆ ಒಬ್ಬ ಅಜ್ಜಿಯೂ ಅದನ್ನು ಚಿಟ್ಟೆ ಎಂದು ನೋಡಿರಲಿಲ್ಲ. ಅಜ್ಜಿಯ ಕಾಲದಿಂದ ಹುಳದ ಜೊತೆ ಒಂದೇ ಸೂರಿನಡಿ ಮಲಗಿ ಎದ್ದ ಮನೆಗಳು ಅವು. ಮೊಟ್ಟೆಯೋ ಎಳೆ ಹುಳವೋ ಹೊರಗಿನಿಂದ ಬರುತ್ತದೆ, ಗೂಡು ಹೊರಗೆ ಹೋಗುತ್ತದೆ, ಒಳಗಿನ ಜೀವ ನೂಲು ತೆಗೆಯುವವರ ಬಿಸಿನೀರಿನಲ್ಲಿ ಮುಗಿಯುತ್ತದೆ. ನಡುವಿನ ಇಪ್ಪತ್ತೋ ಇಪ್ಪತ್ತೈದೋ ದಿನ ಮಾತ್ರ ಇವರದು. ನನಗೆ ಆ ಕ್ಷಣ ಆದ ಸಂತೋಷ ಎಂಥದೆಂದು ಈಗ ಹೇಳಲು ನಾಚಿಕೆಯಾಗುತ್ತದೆ. ಒಂದು ಊರಿಗೆ ಊರೇ ನೋಡದ ಪ್ರಾಣಿಯನ್ನು ತೋರಿಸುವವನು ನಾನು ಎಂಬ ಸಂತೋಷ ಅದು.

ಗೂಡು ತಂದದ್ದು ಆ ಹುಡುಗಿಯೇ, ಕಂಪಾಸ್ ಪೆಟ್ಟಿಗೆಯಲ್ಲಿ, ಹತ್ತೋ ಹನ್ನೆರಡೋ, ಹಳದಿ ಗೂಡು. ಮನೆಯಲ್ಲಿ ಕೇಳಿ ತಂದೆಯಾ ಎಂದಿದ್ದಕ್ಕೆ “ಅಜ್ಜಿ ಆರ್ಸಿ ಬಿಸಾಕಿದ್ವು ಸಾ, ಮೆತ್ಗವೆ,” ಎಂದಳು. ಅವಳು ಹಾಗೆ ಹೇಳಿದ್ದು ನಿಜವಾದರೆ ಅವು ಬಲವಿಲ್ಲದ ಹುಳಗಳು ಕಟ್ಟಿದ ಗೂಡುಗಳು. ಅಂದರೆ ರೋಗ ಇದ್ದಿರಬಹುದಾದ ಹುಳಗಳು. ಆದರೆ ಅವಳು ಹಾಗೆ ಹೇಳಿದಳೇ, ಅಥವಾ ಆಮೇಲೆ ಆದದ್ದಕ್ಕೆ ಕಾರಣ ಬೇಕಾಗಿ ಆ ಮಾತನ್ನು ನಾನೇ ಅವಳ ಬಾಯಿಗೆ ಹಾಕಿದೆನೇ? ಮೆತ್ಗೆ ಅನ್ನುವುದು ಅವಳ ಮಾತು, ನನ್ನದಲ್ಲ. ಅಷ್ಟರಿಂದ ಅವಳೇ ಹೇಳಿರಬೇಕು ಎಂದುಕೊಳ್ಳುತ್ತೇನೆ.

ಒಂದು ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಬರುವಷ್ಟರಲ್ಲಿ ಮೊದಲನೆಯದು ಹೊರಬಂದಿತ್ತು. ಒದ್ದೆ ಮೈ, ಮುದುರಿದ ರೆಕ್ಕೆ, ಕೆಳಗೆ ಕಂದು ನೀರು. ಬಣ್ಣದ ಪಾತರಗಿತ್ತಿ ಬರುತ್ತದೆಂದು ಕಾದಿದ್ದ ಮಕ್ಕಳಿಗೆ ಅದು ಮಾಸಿದ ಹತ್ತಿಯ ಉಂಡೆಯಂತೆ ಕಂಡಿತು. ರೆಕ್ಕೆ ಒಣಗಿದ ಮೇಲೂ ಅದು ಹಾರಲಿಲ್ಲ, ಇದ್ದಲ್ಲೇ ಪಟಪಟ ನಡುಗಿತು. ಮನುಷ್ಯರು ಸಾಕಿ ಸಾಕಿ ಇದಕ್ಕೆ ಹಾರುವುದು ಮರೆತುಹೋಗಿದೆ, ತಿನ್ನಲು ಬಾಯಿಯೂ ಇಲ್ಲ ಎಂದೆ.

“ಬಾಯಿಲ್ವಾ ಸಾ?” ಹುಡುಗಿ ಬಗ್ಗಿ ನೋಡಿದಳು. “ಮತ್ಯಾತಕ್ಕೆ ಬತ್ತದೆ?”

“ಮೊಟ್ಟೆ ಇಡಕ್ಕೆ.”

“ಅಷ್ಟೇಯಾ?”

ಹೌದು ಎಂದೆ. ಅವಳು ಇನ್ನೂ ಏನೋ ಹೇಳಿದಳು, ಮುಂದಿನ ಬೆಂಚಿನ ಹುಡುಗಿಯರು ನಕ್ಕರು. ಏನು ಹೇಳಿದಳು ಎಂಬುದು ಮರೆತುಹೋಗಿದೆ.

ಚಿಟ್ಟೆಗಳು ಜೊತೆಯಾದವು. ದಿನಪತ್ರಿಕೆಯ ಹಾಳೆಯ ಮೇಲೆ ಮೊಟ್ಟೆ ಇಟ್ಟವು, ಎರಡು ಮೂರು ದಿನದಲ್ಲಿ ಸತ್ತವು. ಕೆಲವು ಹಾಳೆಗಳ ಮೊಟ್ಟೆ ಕಪ್ಪಾಗಿ ಹಾಗೇ ಉಳಿದವು. ಒಂದೆರಡು ಹಾಳೆಯವು ಹತ್ತು ದಿನಕ್ಕೆ ಒಡೆದು ಇರುವೆಯಂಥ ಮರಿಗಳಾದವು. ಕೋಳಿಗರಿಯಿಂದ ಅವನ್ನು ಎಳೆ ಸೊಪ್ಪಿನ ಮೇಲೆ ಗುಡಿಸುವುದನ್ನು ಹುಡುಗಿಯೇ ನನಗೆ ಕಲಿಸಿದಳು. ಮರಿಗಳನ್ನು ಎರಡು ಡಬ್ಬಕ್ಕೆ ಹಂಚಿ ಒಂದಕ್ಕೆ ಹಿಪ್ಪುನೇರಳೆ, ಇನ್ನೊಂದಕ್ಕೆ ಅತ್ತಿ ಎಲೆ ಹಾಕಿಸಿದೆ. ಡಬ್ಬ ಒಂದೇ ತರಹ, ಜಾಗ ಒಂದೇ, ಹುಳ ಒಂದೇ ತಾಯಿಯವು, ಎಲೆ ಮಾತ್ರ ಬೇರೆ. ಪ್ರಯೋಗದಲ್ಲಿ ಒಂದನ್ನೇ ಬದಲಿಸಬೇಕು, ಉಳಿದದ್ದೆಲ್ಲ ಹಾಗೇ ಇರಬೇಕು, ಆಗ ಮಾತ್ರ ಫಲಕ್ಕೆ ಕಾರಣ ಯಾವುದೆಂದು ಹೇಳಬಹುದು ಎಂದು ಬೋರ್ಡಿನ ಮೇಲೆ ಬರೆದೆ. ಅತ್ತಿ ಎಲೆಯ ಡಬ್ಬದವು ಸತ್ತವು. ಮಕ್ಕಳು ಪುಸ್ತಕದಲ್ಲಿ ಬರೆದುಕೊಂಡರು.

ಬೋರ್ಡಿನ ಮೇಲೆ ಬರೆಯದ ಒಂದು ವಿಷಯವಿತ್ತು. ರೇಷ್ಮೆಯಲ್ಲಿ ಗಂಟು ರೋಗ ಎಂಬುದೊಂದಿದೆ. ಅದು ತಾಯಿ ಚಿಟ್ಟೆಯಿಂದ ಮೊಟ್ಟೆಗೆ, ಮೊಟ್ಟೆಯಿಂದ ಹುಳಕ್ಕೆ, ಆ ಹುಳದ ಹಿಕ್ಕೆಯಿಂದ ಅದೇ ತಟ್ಟೆಯಲ್ಲಿ ಸಾಕುವ ಬೇರೆ ಹುಳಗಳಿಗೆ ಹೋಗುತ್ತದೆ. ಅದಕ್ಕೇ ರೈತರು ಮನೆಯಲ್ಲಿ ಮೊಟ್ಟೆ ಮಾಡಿಕೊಳ್ಳುವುದಿಲ್ಲ. ಮೊಟ್ಟೆ ಮಾಡುವ ಕಡೆ ಪ್ರತಿ ತಾಯಿಯನ್ನೂ ಅರೆದು ಸೂಕ್ಷ್ಮದರ್ಶಕದಡಿ ನೋಡಿ, ಚೊಕ್ಕಟ ಇದ್ದರೆ ಮಾತ್ರ ಆ ಮೊಟ್ಟೆ ಕೊಡುತ್ತಾರೆ. ಇದು ನನಗೆ ಗೊತ್ತಿತ್ತು. ಚಿರತೆಯ ಅಚ್ಚಿದ್ದ ಅದೇ ಬೀರುವಿನಲ್ಲಿ ಸೂಕ್ಷ್ಮದರ್ಶಕವೂ ಇತ್ತು. ನಾನು ತಾಯಿಯನ್ನು ಅರೆದು ನೋಡಲಿಲ್ಲ. ಮಕ್ಕಳ ಮುಂದೆ, ಅವರು ಮೊದಲ ಸಲ ನೋಡಿದ ಚಿಟ್ಟೆಯನ್ನು ಅರೆಯುವುದು ಬೇಡ ಅನ್ನಿಸಿತು ಎಂದು ಈಗ ಕಾರಣ ಕೊಟ್ಟುಕೊಳ್ಳುತ್ತೇನೆ. ಆಗ ಅನ್ನಿಸಿದ್ದು ಅದೂ ಅಲ್ಲ, ಏನೂ ಅನ್ನಿಸಿರಲಿಲ್ಲ. ನೆನಪೇ ಬರಲಿಲ್ಲ.

ಹೀಗೆ ರಜೆಯ ಹಿಂದಿನ ದಿನ ಬಂತು. ಹತ್ತು ದಿನ ಹುಳಕ್ಕೆ ಸೊಪ್ಪು ಹಾಕುವವರಿಲ್ಲ. ಪಾಠ ಮುಗಿದಿತ್ತು, ನೀರಿಗೆ ಹಾಕಿ ಚೆಲ್ಲಿದ್ದರೆ ಆಗುತ್ತಿತ್ತು. ಆ ಊರಿನ ಹುಡುಗಿಯ ಮುಂದೆ ಅದನ್ನು ಹೇಳಲು ಬಾಯಿ ಬರಲಿಲ್ಲ. ಅಲ್ಲಿ ಬದುಕಿರುವ ಹುಳವನ್ನು ಯಾರೂ ಎಸೆಯುವುದಿಲ್ಲ. ಸೊಪ್ಪು ಸಾಲದೆ ಹೋದರೆ ಪಕ್ಕದ ಮನೆಗೆ ಕೊಟ್ಟಾರು, ಎಸೆಯಲಾರರು. ಬ್ಯಾಗು ಹಾಕಿಕೊಂಡು ನಿಂತ ಅವಳು, “ನಮ್ಮನೇಲಿ ನೆನ್ನೆ ಚಾಕಿ ಹುಳ ತಂದವ್ರೆ ಸಾ, ಇವೂ ಅಷ್ಟೇ ದೊಡ್ಡವವೆ,” ಎಂದಳು. ಚಾಕಿ ಎಂದರೆ ಎರಡು ಜ್ವರ ಕಳೆಯುವವರೆಗೆ ಬೇರೆ ಕಡೆ ಸಾಕಿದ ಎಳೆ ಹುಳ. ಈ ಮಾತು ಅವಳದು, ಇದರಲ್ಲಿ ಅನುಮಾನವಿಲ್ಲ. ಅದಕ್ಕೆ ಉತ್ತರವಾಗಿ ನಾನು ‘ಮನೆಗೆ ತಗೊಂಡು ಹೋಗು’ ಎಂದೆನೋ, ‘ನೋಡು’ ಎಂದೆನೋ, ಮೊಬೈಲು ನೋಡುತ್ತಿದ್ದೆನೋ.

ಮನೆಗೆ ಹೋದವಳು ಅಜ್ಜಿ ಸೊಪ್ಪು ತರಲು ಹೋದ ಹೊತ್ತಿಗೆ ಹುಳದ ಮನೆಗೆ ನುಗ್ಗಿ, ಮೂಲೆಯ ತಟ್ಟೆಯ ಅಂಚಿಗೆ ಅವನ್ನು ಬಿಟ್ಟಳು. ಒಂದು ಸಲ ಸೊಪ್ಪು ಮೇಲೆ ಹಾಕುವಷ್ಟರಲ್ಲಿ ಬೆರೆತುಹೋದವು. “ಅಷ್ಟೊಂದ್ ಸಾವ್ರ ಐತಲ್ಲ ಸಾ, ಇವು ಒಸಿ ತಾನೆ,” ಎಂದಳು ಆಮೇಲೆ ನನಗೆ.

ಆಮೇಲೆ ಎಂದರೆ ರಜೆ ಮುಗಿದ ಎರಡನೇ ವಾರ. ಊಟ ಮಾಡಿ ಕೈತೊಳೆಯುವ ನಲ್ಲಿಗಳ ಹತ್ತಿರ ನಾನೊಬ್ಬನೇ ಇದ್ದಾಗ ಬಂದಳು. ತಟ್ಟೆ ತೊಳೆಯುತ್ತ, ನನ್ನ ಕಡೆ ನೋಡದೆ ಹೇಳಿದಳು. ನಾಲ್ಕನೇ ಜ್ವರದವರೆಗೆ ಹುಳ ಚೆನ್ನಾಗಿದ್ದವು. ಎದ್ದ ಮೇಲೆ ಕೆಲವು ದೊಡ್ಡವು, ಕೆಲವು ಸಣ್ಣವು. ಮೈಮೇಲೆ ಮೆಣಸು ಉದುರಿಸಿದ ಹಾಗೆ ಕಪ್ಪು ಚುಕ್ಕೆ. ಸೊಪ್ಪು ಮುಟ್ಟಲಿಲ್ಲ. ಹಣ್ಣಾಗಿ ಗೂಡು ಕಟ್ಟಬೇಕಾದ ಹೊತ್ತಿಗೆ, ಗೂಡು ಕಟ್ಟಲೆಂದು ಬಿಟ್ಟ ಬಿದಿರಿನ ಚಂದ್ರಿಕೆಯಿಂದ ಉದುರತೊಡಗಿದವು. ಇಡೀ ಬೆಳೆಯನ್ನು ಹಿತ್ತಿಲ ಗುಂಡಿಗೆ ಹಾಕಿ ಸುಣ್ಣ ಸುರಿದರು.

“ನೀನು ಬಿಟ್ಟದ್ದು ಮನೇಲಿ ಗೊತ್ತಾ?”

“ಇಲ್ಲ ಸಾ.” ತೊಳೆದ ತಟ್ಟೆಯನ್ನು ಮತ್ತೆ ತೊಳೆದಳು. “ಚಿಕ್ಕಮ್ಮಂದು ಅಂತಾವ್ರೆ.”

ಚಿಕ್ಕಮ್ಮ ಎಂದರೆ ಅವಳ ತಂದೆಯ ತಮ್ಮನ ಹೆಂಡತಿ, ಮಾಗಡಿ ಕಡೆಯವಳು, ಮದುವೆಯಾಗಿ ಮೂರು ವರ್ಷವಾಗಿತ್ತು, ಒಂದು ಮಗುವಿತ್ತು. ಮುಟ್ಟಾದ ಹೆಂಗಸು ಹುಳದ ಮನೆಗೆ ಹೋಗಬಾರದು ಎಂಬುದು ಆ ಮನೆಗಳ ಕಟ್ಟು. ಜ್ವರ ಏಳುವ ದಿನ ಸೊಪ್ಪು ಹಾಕುವ ಕೈ ಸಾಲದೆ, ಮುಟ್ಟಾಗಿ ಇನ್ನೂ ಮೂರನೇ ದಿನವಾಗಿದ್ದರೂ ಅವಳು ಒಳಗೆ ಹೋಗಿ ನಾಲ್ಕು ತಟ್ಟೆಗೆ ಸೊಪ್ಪು ಹಾಕಿ ಬಂದಿದ್ದಳು. ಅತ್ತೆ, ಅಂದರೆ ಹುಡುಗಿಯ ಅಜ್ಜಿ, ಕೇಳಿದಾಗ ಸುಳ್ಳು ಹೇಳಲಿಲ್ಲ. ಅಷ್ಟೇ ಸಾಕಾಯಿತು. ಅವಳು ಇನ್ನು ಹುಳದ ಮನೆಯ ಹೊಸಿಲು ತುಳಿಯುವಂತಿಲ್ಲ. ಊರಿನ ಹೆಂಗಸರು ಅವಳ ಕೈಯಿಂದ ಅರಿಶಿನ ಕುಂಕುಮ ತೆಗೆದುಕೊಳ್ಳುವಾಗಲೂ ಒಮ್ಮೆ ಮುಖ ನೋಡುತ್ತಾರೆ.

ನನಗೆ ಮಾಡಬೇಕಾದದ್ದು ಗೊತ್ತಿತ್ತು. ಆ ಶನಿವಾರ ಬೆಳಗಿನ ಶಾಲೆ ಮುಗಿಸಿ ಅವರ ಮನೆಗೆ ಹೋದೆ. ನನ್ನ ಕಡೆಯಿಂದ ತಪ್ಪಾಗಿದೆ, ಶಾಲೆಯ ಹುಳದಲ್ಲಿ ರೋಗ ಇದ್ದಿರಬಹುದು, ಹುಡುಗಿಗೂ ಗೊತ್ತಿರಲಿಲ್ಲ, ನಿಮ್ಮ ಸೊಸೆಯದೇನೂ ಇಲ್ಲ. ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ.

ಅಜ್ಜಿ ಜಗಲಿಯ ಮೇಲೆ ತೊಗರಿಕಾಯಿ ಸುಲಿಯುತ್ತಿದ್ದರು. ಹುಳದ ಮನೆಯ ಬಾಗಿಲಲ್ಲಿ ಸುಣ್ಣದ ಗೆರೆ ಎಳೆದಿತ್ತು. ಬ್ಲೀಚಿಂಗ್ ಪೌಡರಿನ ವಾಸನೆ ಅಂಗಳದವರೆಗೂ ಇತ್ತು.

“ಬನ್ನಿ ಮೇಷ್ಟ್ರೆ. ಆ ಕಡೆ ಹೋಗ್ಬ್ಯಾಡಿ, ಇಲ್ಲೇ ಕೂತ್ಕಳಿ,” ಎಂದರು. “ನಮ್ ಹುಡ್ಗೀಗೆ ಚಿಟ್ಟೆ ತೋರ್ಸಿದ್ರಂತೆ?”

ಹೌದು ಎಂದೆ.

“ಒಳ್ಳೇದಾಯ್ತು ಬುಡಿ. ಐವತ್ತೊರ್ಸ ಹುಳ ಮೇಯಿಸ್ದೆ, ನೆಟ್ಟಗೆ ನಂಗೊಬ್ರೂ ತೋರಿಸ್ನಿಲ್ಲ. ಹೆಂಗೈತೆ, ಚೆಂದಾಗೈತಾ?”

“ಅಷ್ಟೇನಿಲ್ಲ ಅಜ್ಜಿ.”

“ನಾನೂ ಅದೇ ಅಂದೆ. ಇಷ್ಟ್ ಚೆಂದಾಗಿ ಗೂಡ್ ಕಟ್ಟೋದು ಈಚೆಗ್ ಬಂದ್ ಮ್ಯಾಲೆ ಚೆಂದಾಗಿರಾಕಿಲ್ಲ ಅಂತ.” ತೊಗರಿಕಾಯಿಯ ಸಿಪ್ಪೆಯನ್ನು ಮೇಕೆಯ ಕಡೆ ಎಸೆದರು. “ಬೆಳೆ ಹೋಯ್ತು, ಕೇಳಿದ್ರಾ? ಹೊರಗ್ನೋರು ಮಾಡಿದ್ರೆ ಬೈಬೋದು. ಮನೆಯೋಳೇ ಮಾಡಿದ್ರೆ ಏನ್ ಮಾಡೀರಿ?”

ಒಳಗಿನಿಂದ ಆ ಸೊಸೆ ಒಂದು ಲೋಟ ಮಜ್ಜಿಗೆ ತಂದು ನನ್ನ ಪಕ್ಕದಲ್ಲಿಟ್ಟು ಹೋದಳು. ಈ ಮಾತು ಅವಳ ಕಿವಿಗೆ ಬೀಳಲೆಂದೇ ಆಡಿದ್ದು. ಅವಳು ತಲೆಯೆತ್ತಲಿಲ್ಲ. ನಾನು ಬಾಯಿ ತೆರೆದೆ. ಆಗ ಹುಡುಗಿ ನೀರಿನ ಡ್ರಮ್ಮಿನ ಹಿಂದೆ ನಿಂತಿರುವುದು ಕಂಡಿತು. ನನ್ನನ್ನೇ ನೋಡುತ್ತಿದ್ದಳು. ತಲೆಯನ್ನು ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಅಲ್ಲಾಡಿಸಿದಳು. ಬೇಡ.

ಬೇಡ ಎಂದೇ ನಾನು ತೆಗೆದುಕೊಂಡದ್ದು. ಅಂಗಳದಲ್ಲಿ ನೊಣ ಬಹಳವಿತ್ತು. ಮುಖದ ಮೇಲೆ ನೊಣ ಕೂತರೆ ಎರಡು ಕೈಯಲ್ಲೂ ಬಿಂದಿಗೆ ಹಿಡಿದಿರುವ ಹುಡುಗಿ ಹಾಗೆಯೇ ತಲೆ ಅಲ್ಲಾಡಿಸುತ್ತಾಳೆ. ಅವಳ ಕೈಯಲ್ಲಿ ಬಿಂದಿಗೆ ಇತ್ತೇ? ನೆನಪಿನಲ್ಲಿ ಒಮ್ಮೊಮ್ಮೆ ಇರುತ್ತದೆ, ಒಮ್ಮೊಮ್ಮೆ ಇರುವುದಿಲ್ಲ. ನನ್ನನ್ನು ನಾನು ಹೆಚ್ಚು ಬೈದುಕೊಂಡ ದಿನಗಳಲ್ಲಿ ಇರುತ್ತದೆ.

ಮಜ್ಜಿಗೆ ಕುಡಿದೆ. ಹುಡುಗಿ ಚೆನ್ನಾಗಿ ಓದುತ್ತಾಳೆ, ಪಿಯುಸಿಗೆ ಸೈನ್ಸ್ ಕೊಡಿಸಿ ಎಂದೆ. ಅದಕ್ಕೇ ಬಂದವನಂತೆ ಎದ್ದೆ.

ಆಡದೆ ಬಂದ ಮಾತಿಗೆ ವಿಜ್ಞಾನದಲ್ಲೇ ಆಸರೆ ಹುಡುಕಿದೆ. ಶಾಲೆಯ ಹುಳದಿಂದಲೇ ರೋಗ ಬಂತು ಎನ್ನಲು ಪುರಾವೆ ಏನಿದೆ? ಚಾಕಿ ಹುಳದಲ್ಲೇ ಇದ್ದಿರಬಹುದು. ಪಕ್ಕದ ಮಾವಿನ ತೋಟಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ಸೊಪ್ಪಿನ ಮೇಲೆ ಕೂತಿರಬಹುದು. ಚುಕ್ಕೆಯ ಮಾತು ಹುಡುಗಿಯೊಬ್ಬಳೇ ಹೇಳಿದ್ದು, ನಾನು ನೋಡಿಲ್ಲ. ಪುರಾವೆ ಮಾತ್ರ ನನ್ನ ಬಳಿಯೇ ಇತ್ತು. ಸತ್ತ ತಾಯಿ ಚಿಟ್ಟೆಗಳಲ್ಲಿ ಒಂದಷ್ಟನ್ನು ಪಾಠಕ್ಕೆಂದು ಬೆಂಕಿಪೊಟ್ಟಣದಲ್ಲಿ ಇಟ್ಟಿದ್ದೆ. ಸೋಮವಾರ ಶಾಲೆ ಬಿಟ್ಟ ಮೇಲೆ ಒಂದನ್ನು ಅರೆದು ಗಾಜಿನ ಮೇಲಿಟ್ಟು ನೋಡಿದೆ. ಗಂಟು ರೋಗದ ಬೀಜಾಣುಗಳು ಅಕ್ಕಿ ಕಾಳಿನ ಆಕಾರದಲ್ಲಿ ಹೊಳೆಯುತ್ತವೆ ಎಂದು ಓದಿದ್ದೆ. ಹೊಳೆಯುವುದೇನೋ ಕಂಡಿತು. ಕೊಬ್ಬಿನ ಹನಿಯೂ ಹೊಳೆಯುತ್ತದೆ. ಕನ್ನಡಿ ಒಡೆದ ಆ ಸೂಕ್ಷ್ಮದರ್ಶಕಕ್ಕೆ ಕಿಟಕಿಯ ಬೆಳಕೇ ಗತಿ, ಬೆಳಕು ಇಳಿಯುತ್ತಿತ್ತು. ಉಳಿದ ಚಿಟ್ಟೆಗಳನ್ನು ರಾಮನಗರದಲ್ಲೋ ಬೇರೆಲ್ಲೋ ಗೊತ್ತಿರುವವರಿಗೆ ತೋರಿಸಿದ್ದರೆ ಹತ್ತು ನಿಮಿಷದ ಕೆಲಸ. ಬಸ್ಸು ನೇರವಾಗಿತ್ತು. ನಾಳೆ ಎಂದೆ. ಉತ್ತರ ಹೌದು ಎಂದು ಬಂದರೆ ಮತ್ತೆ ಆ ಅಂಗಳಕ್ಕೆ ಹೋಗಲೇಬೇಕಾಗುತ್ತಿತ್ತು. ಅದಕ್ಕೇ ನಾಳೆ ಎಂದೆ. ಹಲವು ನಾಳೆಗಳಾದ ಮೇಲೆ ಪೊಟ್ಟಣ ತೆರೆದರೆ ಇರುವೆಗಳು ಹೊಕ್ಕಿದ್ದವು. ಒಂದಿಷ್ಟು ರೆಕ್ಕೆ ಮಾತ್ರ ಉಳಿದಿತ್ತು. ನನಗೆ ಹಗುರವಾಯಿತು. ಇದನ್ನು ಮಾತ್ರ ನಾನು ತಪ್ಪಾಗಿ ನೆನಪಿಟ್ಟುಕೊಂಡಿಲ್ಲ.

ಮುಂದಿನ ಬೆಳೆಗೆ ಆ ಮನೆಯವರು ಎಲ್ಲವನ್ನೂ ಹಿಂದಿನ ಹಾಗೇ ಮಾಡಿದರು. ಅದೇ ಕಡೆಯ ಚಾಕಿ, ಅದೇ ತೋಟದ ಸೊಪ್ಪು, ಅದೇ ತಟ್ಟೆಗಳು. ತೊಳೆದು ಸುಣ್ಣ ಬಳಿದದ್ದಂತೂ ಪ್ರತಿ ಬೆಳೆಗೂ ಮಾಡುವುದೇ. ಸೊಸೆಯನ್ನು ಮಾತ್ರ ಮಗುವಿನ ಜೊತೆ ತವರಿಗೆ ಕಳಿಸಿದ್ದರು. ಬೆಳೆ ಚೆನ್ನಾಗಿ ಬಂತು.

ಹುಡುಗಿ ಇದನ್ನು ಹೇಳಿದ್ದು ಕ್ಲಾಸಿನಲ್ಲೇ, ಎಲ್ಲರೂ ಹೊರಗೆ ಹೋಗುತ್ತಿದ್ದಾಗ.

“ಅಜ್ಜಿ ಒಂದನ್ನೇ ಬದಲ್ಸಿದ್ದು ಸಾ,” ಎಂದಳು. “ಮಿಕ್ಕಿದ್ದೆಲ್ಲ ಹಂಗೇ ಇತ್ತು.”

ಅವಳ ದನಿಯಲ್ಲಿ ವ್ಯಂಗ್ಯವಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನಾನು ಕಲಿಸಿದ ವಾಕ್ಯವನ್ನು ನನಗೇ ಒಪ್ಪಿಸುತ್ತಿದ್ದಳು, ಸರಿಯಾ ಎಂದು ಕೇಳುವ ಹಾಗೆ.

“ನಿನ್ನ ಹುಳಾನೂ ಈ ಸಲ ಇರಲಿಲ್ಲವಲ್ಲ,” ಎಂದೆ. “ಅಂದ್ರೆ ಎರಡು ಬದಲಾಗಿದೆ.”

“ಅದು ನಮ್ಮಿಬ್ರಿಗೇ ತಾನೆ ಸಾ ಗೊತ್ತಿರೋದು.”

ನಾನು ಡಸ್ಟರಿನಿಂದ ಬೋರ್ಡು ಒರೆಸಿದೆ. ಅವಳು ಬ್ಯಾಗು ಹೆಗಲಿಗೇರಿಸಿಕೊಂಡು ಹೋದಳು. ಆ ದಿನವೂ ಹೋಗಬಹುದಿತ್ತು. ಹೋಗಿ ಹೇಳಿದ್ದರೆ ಅಜ್ಜಿ ನಂಬುತ್ತಿದ್ದರೇ? ಮೇಷ್ಟ್ರು ಸೊಸೆಯ ಪರ ವಹಿಸಿಕೊಂಡು ಬಂದರು ಎನ್ನುತ್ತಿದ್ದರೇ, ಅಥವಾ ಸೊಸೆಯ ಜಾಗಕ್ಕೆ ಮೊಮ್ಮಗಳನ್ನು ನಿಲ್ಲಿಸುತ್ತಿದ್ದರೇ? ಹೇಳದೆ ಇರುವವನಿಗೆ ಇಂಥ ಪ್ರಶ್ನೆಗಳು ಎಷ್ಟು ಬೇಕಾದರೂ ಹುಟ್ಟುತ್ತವೆ.

ಹುಡುಗಿ ಹತ್ತನೇ ತರಗತಿಯಲ್ಲಿ ಪಾಸಾದಳು. ಸೈನ್ಸ್ ತೆಗೆದುಕೊಳ್ಳಲಿಲ್ಲ, ಕಾಮರ್ಸ್ ತೆಗೆದುಕೊಂಡಳು. ನನಗೆ ಮಾಗಡಿ ತಾಲ್ಲೂಕಿಗೆ ವರ್ಗವಾಯಿತು. ಅಲ್ಲಿ ಪಠ್ಯದಲ್ಲಿದ್ದಷ್ಟನ್ನು ಬೋರ್ಡಿನ ಮೇಲೆ ಬರೆಯುತ್ತೇನೆ. ಮಕ್ಕಳ ಕೈಗೆ ಪ್ರಾಣಿ ಕೊಡುವುದಿಲ್ಲ.

ಕಳೆದ ಬೇಸಿಗೆಯಲ್ಲಿ ರಾಮನಗರದ ಬಸ್ ನಿಲ್ದಾಣದಲ್ಲಿ ಮಾಗಡಿ ಬಸ್ಸಿಗೆ ನಿಂತಿದ್ದಾಗ ಯಾರೋ “ಮೇಷ್ಟ್ರೆ” ಎಂದರು. ಆ ಚಿಕ್ಕಮ್ಮ. ಪಕ್ಕದಲ್ಲಿ ಮಗು, ಕೈಯಲ್ಲಿ ಬಟ್ಟೆಯ ಚೀಲ. ಮಜ್ಜಿಗೆ ತಂದಿಟ್ಟ ದಿನ ಮುಖ ನೋಡಿರಲಿಲ್ಲವಾದ್ದರಿಂದ ಅವಳೇ ಯಾರೆಂದು ಹೇಳಬೇಕಾಯಿತು. ಇನ್ನೂ ತವರಿನಲ್ಲೇ ಇದ್ದಳು. ಗಂಡ ಬಂದು ಹೋಗುತ್ತಾನೆ, ಹಬ್ಬಕ್ಕೆ ಒಂದೆರಡು ದಿನ ತಾನೂ ಹೋಗಿ ಬರುತ್ತೇನೆ ಎಂದಳು. ಹುಳ ಇಲ್ಲದ ದಿನ ನೋಡಿಕೊಂಡು.

“ನೀವು ಹುಳದ್ ವಿಚಾರ ಓದಿದೋರು,” ಎಂದಳು. “ಒಂದ್ ಮಾತ್ ಕೇಳ್ಲಾ? ಅವತ್ತು ನಾನ್ ಒಳಕ್ ಹೋಗಿದ್ದಕ್ಕೆ ಹುಳ ಸತ್ತಿದ್ದಾ?”

“ಇಲ್ಲಮ್ಮ. ಅದರಿಂದ ಸಾಯಲ್ಲ.”

“ಮತ್ಯಾತರಿಂದ?”

ಹೇಳಲು ಅದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. “ಮಾವಿನ ತೋಟಕ್ಕೆ ಹೊಡೆದ ಔಷಧಿ ಸೊಪ್ಪಿನ ಮೇಲೆ ಬಿದ್ದಿರಬೇಕು,” ಎಂದೆ.

ಅವಳು ಮಗುವಿನ ಮೂಗು ಒರೆಸಿದಳು. “ಅದ್ನ ನಮ್ಮತ್ತೆ ಹತ್ರ ಬಂದ್ ಹೇಳೀರಾ? ನಾನ್ ಹೇಳಿದ್ರೆ ನಡ್ಯಾಕಿಲ್ಲ. ಓದಿದೋರ್ ಹೇಳಿದ್ರೆ ಕೇಳೀತು. ಬರೋ ಅಮಾಸೆ ಆದ್ಮೇಲೆ ಭಾನ್ವಾರ ನಾನೂ ಅಲ್ಲೇ ಇರ್ತೀನಿ.”

“ಬರ್ತೀನಮ್ಮ,” ಎಂದೆ. ಅಥವಾ ತಲೆಯಾಡಿಸಿದೆ. ಎರಡರಲ್ಲಿ ಯಾವುದಾದರೂ ಅವಳಿಗೆ ಒಪ್ಪಿಗೆಯೇ. ಬಸ್ಸು ಬಂತು. ಹೆಂಗಸರು ನುಗ್ಗಿದರು. ಅವಳು ಮಗುವನ್ನು ಎತ್ತಿಕೊಂಡು ಹತ್ತಿದಳು. ನನ್ನದೂ ಅದೇ ಬಸ್ಸು. ನಾನು ಹತ್ತಲಿಲ್ಲ, ಮುಂದಿನದಕ್ಕೆ ನಿಂತೆ.

ಆ ಭಾನುವಾರ ನಾನು ಹೋಗಲಿಲ್ಲ. ಮೈ ಸರಿಯಿತ್ತು, ಬಸ್ಸಿತ್ತು, ಬೇರೆ ಕೆಲಸವಿರಲಿಲ್ಲ. ಹುಳ ಯಾವುದರಿಂದ ಸತ್ತವು ಎಂದು ನನಗೆ ಗೊತ್ತಿಲ್ಲ. ಅವಳು ಆ ಜಗಲಿಯ ಹತ್ತಿರ ಎಷ್ಟು ಹೊತ್ತು ಕಾದಳು, ಮೇಷ್ಟ್ರು ಬರುತ್ತಾರೆ ಎಂದು ಅತ್ತೆಗೆ ಮೊದಲೇ ಹೇಳಿಬಿಟ್ಟಿದ್ದಳೇ, ನಾನು ಬಾರದೆ ಹೋದದ್ದನ್ನು ಅವರು ಏನೆಂದು ತೆಗೆದುಕೊಂಡರು, ಅದೂ ನನಗೆ ಗೊತ್ತಿಲ್ಲ.